ಪೇಟಿ ಮಾಸ್ತರಿಗೊಂದು ಕುರ್ಚಿ ಬೇಡವೇ?

ಶ್ರಾವಣ ಬಂತೆಂದರೆ ರಾವೂರ, ವಾಡಿ, ಚಿತ್ತಾಪುರ ಸುತ್ತಿನ ಊರುಗಳಲ್ಲಿ ಪುರಾಣ ಹಚ್ಚುತ್ತಾರೆ. ಬ್ಯಾನರಿನಲ್ಲಿ ಶಾಸ್ತ್ರಿಗಳ ಹೆಸರು ದೊಡ್ಡದು. ಪೇಟಿ ನುಡಿಸುವವರ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಕೊನೆಯ ದಿನ ಒಂದು ಶಾಲು, ಒಂದು ಟೆಂಗಿನಕಾಯಿ, ಬಸ್ ಚಾರ್ಜು. ಮುಗಿಯಿತು.

ಬೇರೆ ದೇಶದ ಮಾತು ನೋಡಿ. ನಮ್ಮ ಪೇಟಿಯಂತೆಯೇ ಬಿಳಿ-ಕಪ್ಪು ಮನೆಗಳಿರುವ ವಾದ್ಯ ಪಿಯಾನೋ. ಅದರಲ್ಲಿ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ, ನಮ್ಮದರಲ್ಲಿ ಗಾಳಿ ಹಿತ್ತಾಳೆಯ ನಾಲಿಗೆಯನ್ನು ನಡುಗಿಸುತ್ತದೆ. ಅಲ್ಲಿ ಪಿಯಾನೋ ಕಲಿಸುವವರು ಪ್ರೊಫೆಸರ್. ಮಾಸ್ಕೋದ ಸಂಗೀತ ಕಾಲೇಜಿನಲ್ಲಿ ಹೈನ್ರಿಖ್ ನ್ಯೂಹೌಸ್ ದಶಕಗಳ ಕಾಲ ಪಾಠ ಹೇಳಿದರು. ರಿಕ್ಟರ್, ಗಿಲೆಲ್ಸ್ ಎಂಬ ಜಗತ್ಪ್ರಸಿದ್ಧ ವಾದಕರು ಅವರ ಶಿಷ್ಯರು. ಗುರುವಿನ ಹೆಸರಿಲ್ಲದೆ ಶಿಷ್ಯರ ಮಾತು ಅಲ್ಲಿ ಬರುವುದಿಲ್ಲ.

ನಮ್ಮಲ್ಲಿ ಅಂಥವರು ಇರಲಿಲ್ಲವೇ? ಇದ್ದರು. ಪಂಡಿತ ರಾಮಭಾವು ಬಿಜಾಪುರೆ. ಹುಟ್ಟಿದ್ದು 1917ರಲ್ಲಿ, ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ. 1938ರಲ್ಲಿ, ಇಪ್ಪತ್ತೊಂದರ ವಯಸ್ಸಿಗೇ, ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯ ತೆರೆದರು. ಎರಡೇ ವರ್ಷಕ್ಕೆ, 1940ರಲ್ಲಿ, ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತು! ರವೀಂದ್ರನಾಥ ಠಾಕೂರರಂಥ ದೊಡ್ಡವರೇ ಈ ವಾದ್ಯದ ವಿರುದ್ಧ ಇದ್ದರು. ಆಕ್ಷೇಪ ಪೂರ್ತಿ ಸುಳ್ಳೇನಲ್ಲ. ಪೇಟಿಯಲ್ಲಿ ಒಂದು ಸಪ್ತಕಕ್ಕೆ ಹನ್ನೆರಡೇ ಮನೆ. ಗಂಟಲು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹಾಗೆ, ಅಂದರೆ ಮೀಂಡ್, ಅದಕ್ಕೆ ಬರುವುದಿಲ್ಲ. ಆದರೆ ಆ ಕೊರತೆ ಮರೆಯುವಂತೆ ನುಡಿಸುವುದೇ ಅಲ್ಲವೇ ಬೆರಳಿನ ವಿದ್ಯೆ?

ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಮೂವತ್ತೊಂದು ವರ್ಷ! ಅಷ್ಟೂ ಕಾಲ ಬಿಜಾಪುರೆ ಪಾಠ ನಿಲ್ಲಿಸಲಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯಂಥವರಿಗೆ ಸಾಥ್ ಕೊಟ್ಟರು. ಸಾಥ್ ಅಂದರೆ ಸುಮ್ಮನೆ ಹಿಂದೆ ಹೋಗುವುದಲ್ಲ. ಹಾಡುವವರು ಮುಂದೆ ಯಾವ ಸ್ವರಕ್ಕೆ ಹೋಗುತ್ತಾರೆ ಎಂಬುದು ಕ್ಷಣದ ಮೊದಲೇ ಬೆರಳಿಗೆ ಗೊತ್ತಿರಬೇಕು. 2010ರಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಶಿಷ್ಯರು ಇಂದು ಪೇಟಿಯ ಸ್ವತಂತ್ರ ಕಛೇರಿ ಕೊಡುತ್ತಾರೆ.

ಇಂಥವರು ಬೆಳಗಾವಿಗೆ ಸಿಕ್ಕರು, ನಮಗೆ ಸಿಗಲಿಲ್ಲ ಎಂದು ಕೈ ಚೆಲ್ಲಬೇಕಾಗಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಅದರಲ್ಲೂ ಕಣ್ಣು ಕಾಣದವರು, ನಮ್ಮ ಭಾಗದ ಪುರಾಣಕ್ಕೆ ಬರುತ್ತಲೇ ಇದ್ದಾರೆ. ವಿದ್ಯೆ ಇದೆ, ಹುದ್ದೆ ಇಲ್ಲ. ನಮ್ಮ ಊರಿನ ಶಾಲೆಗಳನ್ನೇ ನೋಡಿ. ಸಂಗೀತ ಮಾಸ್ತರು ಎಲ್ಲಿದ್ದಾರೆ? ಆಗಸ್ಟ್ 15 ಬಂದರೆ ಮೊಬೈಲ್‌ನಲ್ಲಿ ಹಾಡು ಹಾಕಿ ಮಕ್ಕಳನ್ನು ಕುಣಿಸುತ್ತೇವೆ. ಅದೇ ನಮ್ಮ ಸಂಗೀತ ಶಿಕ್ಷಣ.

‘ಗಣಿತ, ಇಂಗ್ಲಿಷ್‌ಗೇ ಮಾಸ್ತರಿಲ್ಲ, ಪೇಟಿಗೆಲ್ಲಿ ತರೋಣ’ ಎನ್ನುವವರಿದ್ದಾರೆ. ಒಪ್ಪುವ ಮಾತೇ. ಆದರೆ ಗಣಿತದ ಹುದ್ದೆ ಖಾಲಿ ಇದೆ ಎಂದು ಕೂಗಲು ಜನ ಇದ್ದಾರೆ. ಸಂಗೀತದ ಹುದ್ದೆ ಇತ್ತೇ ಎಂದು ಕೇಳುವವರೂ ಇಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಶಾಲೆಗೆ ಕೋಣೆ ಕಟ್ಟಿಸುತ್ತೇವೆ. ನಾಲ್ಕೈದು ಊರಿಗೆ ಸೇರಿ ಒಬ್ಬ ಪೇಟಿ ಮಾಸ್ತರ, ವಾರಕ್ಕೆ ಒಂದು ದಿನ ಒಂದು ಶಾಲೆ, ತಿಂಗಳಿಗೆ ಸರಿಯಾದ ಸಂಬಳ. ಇದನ್ನು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಬರೆಸಿ, ನಡಾವಳಿಯ ಪ್ರತಿ ಚಿತ್ತಾಪುರದ ಬಿಇಒ ಕಚೇರಿಗೆ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಪುರಾಣ ಕಮಿಟಿಯವರು ಈ ವರ್ಷದ ಬ್ಯಾನರಿನಲ್ಲಿ ಪೇಟಿ, ತಬಲಾದವರ ಹೆಸರನ್ನೂ ಹಾಕಲಿ. ಅದಕ್ಕೆ ಯಾವ ಕಚೇರಿಯ ಮಂಜೂರಾತಿಯೂ ಬೇಕಿಲ್ಲ.