ಜಾಲತಾಣದ ಅಸಲಿತನ ವಿಳಾಸದ ಕೊನೆಯಲ್ಲಿ

ಸಂತೆಬಾಚಹಳ್ಳಿ (ಕೆ.ಆರ್.ಪೇಟೆ): ಹೋಬಳಿ ಕೇಂದ್ರವಾದ ಈ ಊರಿನ ರೈತರೂ ಈಗ ‘ಭೂಮಿ’ ಯೋಜನೆಯ ಪಹಣಿಯನ್ನು ಮೊಬೈಲ್‌ನಲ್ಲೇ ನೋಡಬಹುದು. ಬ್ಯಾಂಕ್ ವ್ಯವಹಾರವನ್ನೂ ಅದರಲ್ಲೇ ಮುಗಿಸಬಹುದು. ಆದರೆ ತೆರೆದುಕೊಂಡ ಜಾಲತಾಣ ಅಸಲಿಯೋ ನಕಲಿಯೋ? ಪುಟದ ಮೇಲಿನ ಲಾಂಛನವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಗಮನಿಸಬೇಕಾದದ್ದು ವಿಳಾಸದ ಕೊನೆಯ ಭಾಗವನ್ನು.

ಈ ಕೊನೆಯ ಭಾಗಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಎಲ್ಲರಿಗೂ ಮುಕ್ತವಾದದ್ದು. ವಾಣಿಜ್ಯ ಸಂಸ್ಥೆಗಳಿಗೆಂದು ಡಾಟ್ ಕಾಂ, ಜಾಲಸೇವೆ ನೀಡುವವರಿಗೆಂದು ಡಾಟ್ ನೆಟ್, ಇತರ ಸಂಘ-ಸಂಸ್ಥೆಗಳಿಗೆಂದು ಡಾಟ್ ಆರ್ಗ್ 1985ರಲ್ಲಿ ಬಳಕೆಗೆ ಬಂದವು. ಇಂದು ಆ ಗಡಿ ಉಳಿದಿಲ್ಲ. ಶುಲ್ಕ ತೆತ್ತವರಿಗೆಲ್ಲ ಇವು ದೊರೆಯುತ್ತವೆ. ಭಾರತದ ಗುರುತಾದ ಡಾಟ್ ಇನ್ ಸಹ 2005ರಿಂದ ಮುಕ್ತವಾಗಿದೆ. ಹೀಗಾಗಿ ಡಾಟ್ ಆರ್ಗ್ ಎಂದಿದ್ದ ಮಾತ್ರಕ್ಕೆ ಅದು ಸೇವಾ ಸಂಸ್ಥೆಯೆಂದು ನಂಬುವಂತಿಲ್ಲ.

ಎರಡನೆಯದು ಅರ್ಹರಿಗೆ ಮಾತ್ರ ಮೀಸಲಾದದ್ದು. ಡಾಟ್ ಗವ್ ಡಾಟ್ ಇನ್ ಸರ್ಕಾರಿ ಸಂಸ್ಥೆಗಳಿಗೆ, ಡಾಟ್ ಎಸಿ ಡಾಟ್ ಇನ್ ಶಿಕ್ಷಣ ಸಂಸ್ಥೆಗಳಿಗೆ ಸೀಮಿತ. ವಂಚನೆ ತಡೆಯುವ ಉದ್ದೇಶದಿಂದ ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬುದನ್ನು ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರ್ 31ರೊಳಗೆ ಈ ವಿಳಾಸಕ್ಕೆ ಬದಲಾಗುವಂತೆ ಬ್ಯಾಂಕುಗಳಿಗೆ ಸೂಚಿಸಿತು.

ವಂಚಕರು ಪರಿಚಿತ ಹೆಸರನ್ನು ವಿಳಾಸದ ಆರಂಭದಲ್ಲಿಟ್ಟು, ತಮ್ಮ ಹೆಸರನ್ನು ಕೊನೆಗೆ ಸೇರಿಸುತ್ತಾರೆ. ನಡುವೆ ಎಲ್ಲೋ ‘ಗವ್ ಡಾಟ್ ಇನ್’ ಎಂದಿದ್ದು, ಕೊನೆಯಲ್ಲಿ ‘ಡಾಟ್ ಕಾಂ’ ಬಂದರೆ ಅದು ಸರ್ಕಾರದ ತಾಣವಲ್ಲ. ಆರಂಭದ ಜೋಡಿ ಓರೆಗೆರೆಯನ್ನು ಬಿಟ್ಟು, ನಂತರದ ಮೊದಲ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದುವುದೇ ಸರಿಯಾದ ಕ್ರಮ.

ತೊಡಕಿರುವುದು ಇಲ್ಲಿಯೇ. ಕನ್ನಡ ಲಿಪಿಯಲ್ಲಿ ‘ಡಾಟ್ ಭಾರತ’ ಎಂಬ ವಿಳಾಸಕ್ಕೆ ಅವಕಾಶವಿದ್ದರೂ, ದಿನಬಳಕೆಯ ಸರ್ಕಾರಿ ಹಾಗೂ ಬ್ಯಾಂಕ್ ತಾಣಗಳ ವಿಳಾಸಗಳು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳಲ್ಲೇ ಇವೆ. ಕನ್ನಡ ಮಾತ್ರ ಬಲ್ಲ ರೈತನಿಗೆ ತನ್ನನ್ನು ಕಾಯಬೇಕಾದ ಗುರುತನ್ನೇ ಓದಲಾಗದು. ನಿಯಮ ರೂಪಿಸಿದರಷ್ಟೇ ಸಾಲದು. ನಾಡಕಚೇರಿ ಮತ್ತು ಬ್ಯಾಂಕ್ ಶಾಖೆಗಳ ಗೋಡೆಯ ಮೇಲೆ ಅಸಲಿ ವಿಳಾಸವನ್ನು ಬರೆಸಿ, ಅದನ್ನು ಓದುವ ಬಗೆಯನ್ನು ಕನ್ನಡದಲ್ಲಿ ತಿಳಿಸಬೇಕು. ಸಂತೆಯಲ್ಲಿ ತೂಕದ ಬಟ್ಟಿನ ಮುದ್ರೆ ನೋಡುವ ಗ್ರಾಹಕನಿಗೆ ಈ ಮುದ್ರೆಯನ್ನೂ ಪರಿಚಯಿಸಬೇಕಾದ ಹೊಣೆ ವ್ಯವಸ್ಥೆಯದೇ ಆಗಿದೆ.