ಬಿಸಿಲು, ಲಾರಿ ಮತ್ತು ನಮ್ಮ ಸೈಕಲ್ಲು

ಮೇ ತಿಂಗಳ ರಜೆ ಬಂತೆಂದರೆ ಪುಣೆಯಲ್ಲಿ ಓದುವ ನಮ್ಮ ಹುಡುಗರಲ್ಲಿ ಒಬ್ಬಿಬ್ಬರಿಗಾದರೂ ಸೈಕಲ್ ಮೇಲೆ ಊರಿಗೆ ಹೋಗುವ ಹುಕಿ ಬರುತ್ತದೆ. ಬೆಳಗಾವಿಗೆ ಸುಮಾರು 340 ಕಿಲೋಮೀಟರು. ನನಗೂ ಬಂದಿತ್ತು. "ಎಸ್.ಟಿ. ಬಸ್ ಬಂದ್ ಆಗ್ಯಾವೇನೋ?" ಎಂದರು ಕಾಕಾ. ಕೇಳಲಿಲ್ಲ.

ಕಾತ್ರಜ ಘಾಟನ್ನು ತಂಪು ಹೊತ್ತಿನಲ್ಲೇ ದಾಟಿದೆವು. ಶಿರವಳದ ನೀರಾ ಸೇತುವೆಯ ಮೇಲೆ ಹಾಡೂ ಇತ್ತು. ಖಂಬಾಟಕಿ ಘಾಟು ಏರುವಾಗ ಮಾತ್ರ ನಡುಮಧ್ಯಾಹ್ನ. ಸೈಕಲ್ ಓಡುವಾಗ ಗಾಳಿ ಬೆವರನ್ನು ಆರಿಸುತ್ತದೆ, ಮೈ ತಂಪಾಗುತ್ತದೆ. ಏರಿನಲ್ಲಿ ಗಾಳಿ ಇಲ್ಲ, ದುಡಿಮೆ ದುಪ್ಪಟ್ಟು. ಕೆಳಗೆ ಕಾದ ಡಾಂಬರು, ಪಕ್ಕದಲ್ಲಿ ಲಾರಿಯ ಎಂಜಿನ್ನು. ಗೆಳೆಯ ಬೆಳಗಿನಿಂದ ಬರೀ ನೀರು ಕುಡಿದಿದ್ದ, ಚಿಟಿಕೆ ಉಪ್ಪೂ ಇಲ್ಲ. ಅವನ ಮಾತು ತೊದಲಿತು, ಹ್ಯಾಂಡಲ್ಲು ರಸ್ತೆಯ ಕಡೆಗೆ ವಾಲಿತು. ಹಿಂದಿನ ಲಾರಿಯವ ಬ್ರೇಕ್ ಒತ್ತಿದ. ಅಷ್ಟೇ ಅಲ್ಲ, ಇಳಿದು ಬಂದು ಅವನ ತಲೆಗೆ ನೀರು ಸುರಿದ, ಸಾತಾರಾದ ಆಸ್ಪತ್ರೆಗೆ ಮುಟ್ಟಿಸಿದ. ಆದ್ದರಿಂದ ಲಾರಿಯವರನ್ನು ನಾನು ಬೈಯಲಾರೆ.

ಸೈಕಲ್ಲಿನ ಊರೆಂದು ಹೆಸರಾಗಿದ್ದ ಪುಣೆಯಲ್ಲಿ ಕೂತು ಸೈಕಲ್ ಬೇಡ ಎನ್ನುವುದೂ ಸರಿಯಲ್ಲ. ನನ್ನ ತಕರಾರು ಎರಡು.

ಮೊದಲನೆಯದು ನಮ್ಮ ಮೇಲೆ. ಬಿಸಿಲನ್ನು ಎದುರಿಸುವುದೇ ಗಂಡಸ್ತನ ಎಂಬ ಭ್ರಮೆ ಬಿಡೋಣ. ಬೆಳಕು ಹರಿದಾಗ ಹೊರಟು ಹತ್ತಕ್ಕೆ ನೆರಳು ಹಿಡಿಯಬೇಕು, ಮತ್ತೆ ಬಿಸಿಲು ಇಳಿದ ಮೇಲೆಯೇ ಪೆಡಲು. ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಬೇಕು. ಮಾತು ತೊದಲಿದವನನ್ನು "ಇನ್ನೊಂದಿಷ್ಟು ದೂರ" ಎಂದು ಹುರಿದುಂಬಿಸುವುದು ಗೆಳೆತನವಲ್ಲ; ನಾನು ಮಾಡಿದ್ದು ಅದನ್ನೇ.

ಎರಡನೆಯದು ರಸ್ತೆ ಮಾಡಿದವರ ಮೇಲೆ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಅದು ನೇರ ಮಾತು. ನಮ್ಮ 48ನೇ ಹೆದ್ದಾರಿ ಬೇಡ ಎನ್ನುವುದಿಲ್ಲ, ಜಾಗವನ್ನೂ ಕೊಡುವುದಿಲ್ಲ. ಖೇಡ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ ಎಂದು ಟೋಲ್ ನಾಕಾಗಳ ಹೆಸರು ಬಾಯಿಪಾಠವಾಗಿದೆ. ಸಾಲುಮರ ಎಲ್ಲಿ? ಅರವಟ್ಟಿಗೆ ಎಲ್ಲಿ? ಟೋಲ್ ಕೊಡದವನು ದಾರಿಹೋಕನೇ ಅಲ್ಲವೇ? ನಾವು ರಜೆಯ ಹುಡುಗರು, ಬೇಡವೆಂದರೆ ಬಸ್ಸು ಹತ್ತುತ್ತೇವೆ. ಹಾಲಿನ ಕ್ಯಾನು ಕಟ್ಟಿಕೊಂಡು, ಕಾರ್ಖಾನೆಯ ಪಾಳಿಗೆಂದು ಇದೇ ರಸ್ತೆಯ ಅಂಚಿನಲ್ಲಿ ದಿನಾ ತುಳಿಯುವವನಿಗೆ ಆ ಆಯ್ಕೆ ಇಲ್ಲ. ಅವನಿಗೊಂದು ಮೊಳ ದಾರಿ, ಒಂದು ಮರದ ನೆರಳು ಕೇಳುವುದು ದೊಡ್ಡ ಬೇಡಿಕೆಯೇ?

ಬರುವ ವರ್ಷ ಮತ್ತೆ ಹೊರಡುತ್ತೇವೆ, ಮೇ ತಿಂಗಳಲ್ಲಲ್ಲ, ಡಿಸೆಂಬರಿನಲ್ಲಿ. ಗೆಳೆಯ ಈಗಲೇ ಉಪ್ಪಿನ ಪೊಟ್ಟಣ ಕಟ್ಟಿಟ್ಟಿದ್ದಾನೆ. ಯಾರ್ಯಾರು ಬರ್ತೀರಿ, ಹೇಳಿ.