ಹತ್ತು ತಂಡ ಇರಲಿ, ಹೊಸಬರಿಗೆ ಎರಡು ವರ್ಷ ಕೊಡಿ

ವಿಶ್ವ ಜೂನಿಯರ್ ಐಸ್ ಹಾಕಿಯಲ್ಲಿ 2018ರ ಡಿಸೆಂಬರ್‌ನಲ್ಲಿ ಕೆನಡಾ ಡೆನ್ಮಾರ್ಕನ್ನು 14-0ರಿಂದ ಸೋಲಿಸಿತು. ಎರಡು ವರ್ಷದ ನಂತರ ಜರ್ಮನಿಯನ್ನು 16-2ರಿಂದ. ಇಂಥ ಪಂದ್ಯ ನೋಡಿದವರಿಗೆ ಅನ್ನಿಸುವುದು ಒಂದೇ: ಹತ್ತು ತಂಡ ಯಾಕೆ, 1995ರವರೆಗೆ ಇದ್ದ ಹಾಗೆ ಎಂಟೇ ಸಾಕಲ್ಲ?

ಸಾಲದು ಅನ್ನುತ್ತೇವೆ ನಾವು. ಅಂತರ ಇರುವುದು ನಿಜ. ಕೆನಡಾದ ಹುಡುಗರು ಸುಮಾರು 60 ತಂಡಗಳ ಜೂನಿಯರ್ ಲೀಗ್‌ನಲ್ಲಿ ಪಳಗಿ ಬರುತ್ತಾರೆ. ಲಾಟ್ವಿಯಾದ ಇಡೀ ಜನಸಂಖ್ಯೆಯೇ 20 ಲಕ್ಷ ದಾಟುವುದಿಲ್ಲ. ಆದರೆ 16-2 ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಅಂದು ಜರ್ಮನಿಯ ಹಲವು ಆಟಗಾರರು ಕೊರೊನಾ ಕ್ವಾರಂಟೈನ್‌ನಲ್ಲಿದ್ದರು. ಅದೇ ತಂಡ ಅದೇ ಟೂರ್ನಿಯಲ್ಲಿ ಕ್ವಾರ್ಟರ್ ಫೈನಲ್ ತಲುಪಿ, ರಷ್ಯಾಕ್ಕೆ ಬರೀ 2-1ರಿಂದ ಸೋತಿತು. 2024ರ ಡಿಸೆಂಬರ್‌ನಲ್ಲಿ ಒಟ್ಟಾವಾದಲ್ಲೇ ಲಾಟ್ವಿಯಾ ಕೆನಡಾವನ್ನು ಶೂಟೌಟ್‌ನಲ್ಲಿ 3-2ರಿಂದ ಮಣಿಸಿತು.

ಬಲಿಷ್ಠರ ಜೊತೆ ಆಡದೆ ಬಲ ಬರುವುದಿಲ್ಲ. ಈಗ ಕೊನೆಯ ಸ್ಥಾನದವರು ಪ್ರತಿ ವರ್ಷ ಕೆಳದರ್ಜೆಗೆ ಇಳಿಯಬೇಕು. ಮೇಲೆ ಬಂದವರು ಮರುವರ್ಷವೇ ಇಳಿದರೆ ಕಲಿಯುವುದು ಯಾವಾಗ? ಬಡ್ತಿ ಪಡೆದ ತಂಡಕ್ಕೆ ಎರಡು ವರ್ಷ ಖಾತ್ರಿ ಕೊಡಲಿ. ಇನ್ನೊಂದೆರಡು 14-0 ಬಂದರೂ ಬರಲಿ. ಬಾಗಿಲು ಮುಚ್ಚಿದರೆ ಒಟ್ಟಾವಾದ ಆ ರಾತ್ರಿಯಂಥದ್ದು ಮತ್ತೆ ಬರುವುದಿಲ್ಲ.